ಬೆರಳು ಹತ್ತು, ಚಾಕು ಒಂದೇ

ಇನಾರಿ, ಮಾರ್ಚ್ ೯

ಪ್ರೀತಿಯ ಅತ್ತಿಗೆ,

ಕಾರ್ಡಿನ ಮೇಲಿರುವ ಸರೋವರ ನೋಡಿ. ನಿನ್ನೆ ಮೀನಿಗೆ ಹೋದಾಗ ಇದರ ಮಂಜುಗಡ್ಡೆ ಒಡೆದು ನಿಮ್ಮ ಈ ಮೈದುನನ ಎಡಗಾಲು ಮಂಡಿಯವರೆಗೆ ಮುಳುಗಿತು. ಕೂಡಲೇ ಬೆಂಕಿ ಹಾಕದಿದ್ದರೆ ಬೆರಳುಗಳ ಆಸೆ ಬಿಡಬೇಕು. ಸೌದೆಯೋ ಹೊರಗೆಲ್ಲ ಒದ್ದೆ, ಸೀಳಿದರಷ್ಟೇ ಒಳಗೆ ಒಣಕಲು. ಕೊಡಲಿ ಮನೆಯಲ್ಲಿ. ನನ್ನ ಭಾವಮೈದುನ ಉರ್ಪೊನ ಸೊಂಟದಲ್ಲಿ ಮಾತ್ರ ಹೊಸ ಚಾಕು. ವರ್ಷವಿಡೀ ಕಾದು ಕಮ್ಮಾರನಿಂದ ಮಾಡಿಸಿದ್ದು, ಇನ್ನೂ ಒಂದು ಈರುಳ್ಳಿಯನ್ನೂ ಕಂಡಿರಲಿಲ್ಲ. ಅದರ ಅಲಗನ್ನು ಸೌದೆಗೆ ಆನಿಸಿ, ಚಾಕುವಿನ ಬೆನ್ನಿಗೆ ಬಡಿದು ಸೀಳೋಣ ಎಂದೆ. ಆ ಚಳಿಯಲ್ಲೂ ಅವನು ಬೆವರಿದ.

"ಗೀರು ಬೀಳತ್ತೆ ಭಾವ. ನಿಮಗೆ ಬೆರಳು ಹತ್ತಿವೆ, ನಂಗೆ ಚಾಕು ಒಂದೇ."

"ಹಂಗಾದ್ರೆ ತೊಟ್ಲಲ್ಲಿ ಹಾಕಿ ತೂಗ್ತಾ ಕೂರೋದಲ್ವೇನೋ ಪೆದ್ದ, ಕಾಡಿಗ್ಯಾಕೆ ತಂದೆ?" ಎನ್ನುತ್ತ, ಜೊತೆಗೆ ಬಂದಿದ್ದ ಅವನ ತಾಯಿ, ನಮ್ಮತ್ತೆ ಕೆರ್ತು, ಅದನ್ನು ಕಿತ್ತುಕೊಂಡು, ಮರದ ತುಂಡಿನಿಂದ ಟಕಟಕ ಬಡಿದೇಬಿಟ್ಟರು. ಬೆಂಕಿ ಹತ್ತಿತು, ನನ್ನ ಬೆರಳು ಬೆಚ್ಚಗಾಯಿತು, ಉರ್ಪೊನ ಮುಖ ಬೆಪ್ಪಗಾಯಿತು. ಅಲಗಿನ ಮೇಲೆ ರೆಪ್ಪೆಗೂದಲಷ್ಟು ಗೀರು. ರಾತ್ರಿಯವರೆಗೂ ಅವನು ಮಾತು ಬಿಟ್ಟಿದ್ದ. ಮೊದಲೂ ಆಡುತ್ತಿರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಬೆರಳೆಲ್ಲ ಜಾಗದಲ್ಲಿವೆ, ಕಿರುಬೆರಳು ಕೊಂಚ ಊದಿದೆ. ಅಣ್ಣನಿಗೆ ಹೇಳಬೇಡಿ, ಫೋನಿನಲ್ಲಿ ಉಪದೇಶ ತಡೆಯಲಾರೆ.

ಇವತ್ತು ಬೆಳಿಗ್ಗೆ ಉರ್ಪೊ ಅದೇ ಚಾಕುವಿನಿಂದ ಬ್ರೆಡ್ ಕೊಯ್ದು, ದಪ್ಪಗೆ ಬೆಣ್ಣೆ ಸವರಿ, ಮೊದಲ ತುಂಡನ್ನು ನನ್ನ ತಟ್ಟೆಗೆ ಹಾಕಿದ. ತಪ್ಪಾಯಿತು ಎನ್ನುವುದಕ್ಕೆ ಈ ಮನೆಯಲ್ಲಿ ಇದಕ್ಕಿಂತ ಉದ್ದದ ಮಾತನ್ನು ಹತ್ತೊಂಬತ್ತು ವರ್ಷಗಳಲ್ಲಿ ನಾನು ಕೇಳಿಲ್ಲ. ಎರಡನೆಯ ತುಂಡನ್ನೂ ಕೇಳಿ ಹಾಕಿಸಿಕೊಂಡು ತಿಂದೆ.

ಅವಸರದಲ್ಲಿ,
ವಾಮನ