ಎಣ್ಣೆ ಹಚ್ಚದ ಕಾಲು

ತಂಕಮಣಿ ಚೇಚಿ, ನನ್ನಕ್ಕಾ,

ಇಂದು ಏಕಾದಶಿ, ಹೊಟ್ಟೆಗೆ ತುಳಸಿ ನೀರಷ್ಟೇ. ಅಂಗಳ ಗುಡಿಸಿ, ಕೊಳದಲ್ಲಿ ಮಿಂದು, ದೀಪ ಹಚ್ಚುವಷ್ಟರಲ್ಲಿ ನಿನ್ನ ಮಗಳು ಪ್ರಸೀದಾ ಬಂದಳು. ಅವಳ ಅತ್ತೆಗೆ ಸೊಂಟದ ಕೀಲು ಬದಲಿಸಿ ಹದಿನಾರು ದಿನವಾಯಿತಂತೆ. "ಅಮ್ಮನಿಗೆ ಹಚ್ಚಿದ ಎಣ್ಣೇನೇ ತಗೊಂಡು ಬನ್ನಿ ಚಿಕ್ಕಮ್ಮ, ನಿಮ್ಮ ಕೈ ಅಂದ್ರೆ ನಂಗೆ ನಂಬಿಕೆ" ಎಂದಳು.

ಹೋಗಿ ನೋಡಿದರೆ ಮುದುಕಿಯ ಮೀನಖಂಡ ಊದಿ ಬಿಸಿಯಾಗಿತ್ತು. ನಾನು ಎಣ್ಣೆಯ ಬಟ್ಟಲು ಮುಚ್ಚಿ, "ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗು" ಎಂದೆ.

"ಏನೇ, ತಿಕ್ಕೋಕೆ ಕರೆದ್ರೆ ಡಾಕ್ಟರಾಗಿ ಬಂದ್ಯಾ? ಉಪವಾಸ, ಕೈಲಿ ಬಲ ಇಲ್ಲ ಅಂತ ಹೇಳು!" ಎಂದು ಮುದುಕಿ ರೇಗಿದಳು.

ಮಧ್ಯಾಹ್ನ ಪ್ರಸೀದಾ ಆಸ್ಪತ್ರೆಯಿಂದ ಫೋನ್ ಮಾಡಿದಳು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ತಿಕ್ಕಿದ್ದರೆ ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣವೇ ಹೋಗಬಹುದಿತ್ತು ಎಂದರಂತೆ ಡಾಕ್ಟರು. "ನಿಮಗೆ ಹೇಗೆ ಗೊತ್ತಾಯ್ತು ಚಿಕ್ಕಮ್ಮ?" ಎಂದು ಕೇಳಿದಳು. "ಭಗವತಿ ತೋರಿಸಿದ್ಲು" ಎಂದೆ. ವ್ರತದ ದಿನ, ದೇವಿಯ ಹೆಸರಿನಲ್ಲಿ ಸುಳ್ಳು ಹೇಳಿದೆ.

ಅದೇ ಆಪರೇಷನ್ ಆದ ಮೇಲೆ ನಿನ್ನ ಕಾಲೂ ಹಾಗೇ ಊದಿತ್ತು, ಚೇಚಿ. ನೀನು ನೋವು ಎಂದಷ್ಟೂ ನಾನು ಒತ್ತಿ ತಿಕ್ಕಿದೆ. ಮೂರನೆಯ ದಿನ ಬೆಳಗ್ಗೆ ನಿನಗೆ ಉಸಿರೇ ಸಿಗಲಿಲ್ಲ, ಹೋಗಿಬಿಟ್ಟೆ. ನರ್ಸ್ ಕಾರಣ ಹೇಳಿದ್ದು ನನಗೊಬ್ಬಳಿಗೆ. ಪ್ರಸೀದಾ ಇವತ್ತಿಗೂ ಹೃದಯಾಘಾತ ಎಂದೇ ತಿಳಿದಿದ್ದಾಳೆ.

ನಾಳೆ ನನ್ನ ಪಾರಣೆಗೆ ಹಣ್ಣು ತರುತ್ತಾಳಂತೆ. ಅವಳಿಗೆ ಹೇಳಲೋ ಬೇಡವೋ, ನೀನೇ ಹೇಳು. ಉತ್ತರವನ್ನು ಬೇರೆ ಯಾರ ಕೈಗೂ ಕೊಡಬೇಡ. ಅವಳ ಕೈಯಲ್ಲೇ ಕಳಿಸು, ಮೊದಲು ಅವಳೇ ಓದಲಿ.