ಯಾರ ಬಾಟಲಿಯ ನೀರು ಎಂಬ ತಮ್ಮ ಪ್ರಶ್ನೆಗೆ

ಮಾನ್ಯ ನಿರ್ದೇಶಕರೇ,

ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ನಲ್ಲಿಯಲ್ಲಿ ನೀರು ಬರುವುದಿಲ್ಲ. ಇದನ್ನು ತಮಗೆ ಎರಡು ವರ್ಷದಿಂದ ಬರೆಯುತ್ತಲೇ ಇದ್ದೇನೆ. ಕಳೆದ ತಿಂಗಳು ನನ್ನ ವಿದ್ಯಾರ್ಥಿನಿಯೊಬ್ಬಳ ಕಣ್ಣಿಗೆ ಕ್ಷಾರ ಸಿಡಿದಾಗ ಸಹಪಾಠಿಗಳು ತಮ್ಮ ಕುಡಿಯುವ ನೀರನ್ನೇ ಸುರಿದು ಆ ಕಣ್ಣು ಉಳಿಸಿದರು. ಇದರ ವರದಿ ಕಳಿಸಿದಾಗ ಮಾತ್ರ ತಮ್ಮಿಂದ ಒಂದೇ ವಾರದಲ್ಲಿ ಉತ್ತರ ಬಂತು. ಪ್ರಯೋಗಾಲಯದೊಳಗೆ ಕುಡಿಯುವ ನೀರು ತರುವುದು ನಿಯಮಬಾಹಿರವಂತೆ. ಯಾರ ಯಾರ ಬಾಟಲಿ ಒಳಗೆ ಬಂದಿತ್ತೋ ಅವರ ಹೆಸರುಗಳನ್ನು ನಾನು ಕಳಿಸಬೇಕಂತೆ, ಅವರಿಗೆ ಈ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಪ್ರವೇಶವಿಲ್ಲವಂತೆ. ತಮ್ಮ ಕಚೇರಿ ಇಷ್ಟು ಚುರುಕಾಗಿದೆ ಎಂದು ತಿಳಿದು ಸಂತೋಷವಾಯಿತು.

ನನ್ನ ಈ ಉತ್ತರವನ್ನು ಲಕೋಟೆಯಲ್ಲಿಟ್ಟು ಕಳಿಸಿದರೆ ನನ್ನ ಹಿಂದಿನ ಪತ್ರಗಳ ಜೊತೆ ಅದೂ ತಣ್ಣಗೆ ಮಲಗುತ್ತದೆ. ಅದಕ್ಕೇ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ. 'ಸುಮ್ನಿರು, ಮೇಲಿನವರ ಹತ್ರ ಜಗಳ ಯಾಕೆ' ಎಂದು ಮನೆಯಲ್ಲಿ ಯಜಮಾನರು ಹೇಳಿದರು. ನೀರಿಗೆ ಬಿದ್ದ ಮೇಲೆ ಚಳಿಯೇನು ಮಳೆಯೇನು ಎಂದೆ. ಬೀಳುವುದಕ್ಕಾದರೂ ನೀರು ಎಲ್ಲಿದೆ ಎಂದು ಅವರು ಕೇಳಿದರು. ಆ ಮಾತು ಸರಿಯೇ.

ಮೊದಲು ನಲ್ಲಿಯ ಕಥೆ. ನೀರು ಕೇಳಿ ನಾನು ಬರೆದಾಗ ತಮ್ಮ ಸಾಮಗ್ರಿ ವಿಭಾಗದವರು, 'ನೀರು ರಾಸಾಯನಿಕಗಳ ಪಟ್ಟಿಯಲ್ಲಿಲ್ಲ, ಕಟ್ಟಡ ವಿಭಾಗವನ್ನು ಕೇಳಿ' ಎಂದರು. ಕಟ್ಟಡ ವಿಭಾಗದವರು, 'ರಸಾಯನಶಾಸ್ತ್ರದ ಬಳಕೆಗೆ ಬೇಕಾದದ್ದು ರಾಸಾಯನಿಕವೇ, ಸಾಮಗ್ರಿ ವಿಭಾಗವನ್ನು ಕೇಳಿ' ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಇಲ್ಲಿ ಕೋಣವೂ ನೀರಿಗೆಳೆಯಲಿಲ್ಲ ಎಂಬುದಷ್ಟೇ ವ್ಯತ್ಯಾಸ. ನೀರು ರಾಸಾಯನಿಕ ಹೌದು ಎಂದು ತಮಗೆ ಎರಡು ಪುಟದ ಟಿಪ್ಪಣಿ ಕಳಿಸಿದೆ. ಹದಿನಾರು ವರ್ಷದ ಮಕ್ಕಳಿಗೆ ಮೊದಲ ವಾರ ಮಾಡುವ ಪಾಠ ಅದು. ಸ್ವೀಕರಿಸಲಾಗಿದೆ ಎಂಬ ಮೊಹರು ಬಂತು, ನೀರು ಬರಲಿಲ್ಲ. ನಲ್ಲಿ ತಿರುಗಿಸಿದರೆ ಸೂಂ ಎಂದು ಗಾಳಿ ಬರುತ್ತಿತ್ತು. ನಮ್ಮ ಅಟೆಂಡರ್ ಒಳ್ಳೆಯ ಮನುಷ್ಯ. 'ಗಾಳೀಲೂ ಆಕ್ಸಿಜನ್ ಇದ್ಯಲ್ಲ ಮೇಡಂ, ಅರ್ಧ ನೀರು ಬಂದ ಹಾಗೇ ಅಲ್ವಾ' ಎಂದು ನನ್ನನ್ನು ಸಮಾಧಾನ ಮಾಡುತ್ತಿದ್ದರು.

ಆ ಟಿಪ್ಪಣಿಯನ್ನು ತಾವು ಓದಿರಲಾರಿರಿ. ಅದರಲ್ಲಿದ್ದ ಪಾಠ ತಮ್ಮ ಪ್ರಶ್ನೆಗೆ ಉತ್ತರ ಕೊಡಲು ಬೇಕಾಗುತ್ತದೆ, ಆದ್ದರಿಂದ ಮತ್ತೆ ಹೇಳುತ್ತೇನೆ, ದಯವಿಟ್ಟು ಕೂತುಕೊಳ್ಳಿ. ಆಕ್ಸಿಜನ್ ಪರಮಾಣುವಿನ ಹೊರಕವಚದಲ್ಲಿ ಆರು ಎಲೆಕ್ಟ್ರಾನುಗಳಿರುತ್ತವೆ. ಎಂಟಾದರೆ ಅದಕ್ಕೆ ನೆಮ್ಮದಿ. ಹೈಡ್ರೋಜನ್ ಹತ್ತಿರ ಇರುವುದು ಒಂದೇ, ಎರಡಾದರೆ ಅದಕ್ಕೆ ನೆಮ್ಮದಿ. ಇಲ್ಲಿ ಯಾರೂ ಯಾರಿಗೂ ದಾನ ಮಾಡುವುದಿಲ್ಲ, ಯಾರೂ ಯಾರಿಂದಲೂ ಕಿತ್ತುಕೊಳ್ಳುವುದಿಲ್ಲ. ಆಕ್ಸಿಜನ್ ಒಂದು ಎಲೆಕ್ಟ್ರಾನ್ ಮುಂದಿಡುತ್ತದೆ, ಹೈಡ್ರೋಜನ್ ತನ್ನದನ್ನು ಮುಂದಿಡುತ್ತದೆ, ಆ ಜೋಡಿಯನ್ನು ಇಬ್ಬರೂ ತಮ್ಮದೆಂದು ಲೆಕ್ಕ ಹಿಡಿಯುತ್ತಾರೆ. ಇದೇ ಸಹವೇಲೆನ್ಸೀಯ ಬಂಧ. ಒಂದು ಆಕ್ಸಿಜನ್ ಇಂಥ ಎರಡು ಬಂಧ ಮಾಡಿಕೊಂಡರೆ ಒಂದು ನೀರಿನ ಅಣು. ಹೇಳಿಕೊಟ್ಟರೆ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ತಮ್ಮ ಎರಡು ವಿಭಾಗಗಳಿಗೆ ಯಾಕೆ ಆಗಲಿಲ್ಲವೋ ಕಾಣೆ.

ನಾನು ಇದನ್ನು ಹಲಗೆಯ ಮೇಲೆ ಕಲಿಸುವುದಿಲ್ಲ. ಮಕ್ಕಳನ್ನು ಕಾರಿಡಾರಿಗೆ ಕರೆದುಕೊಂಡು ಹೋಗಿ, ಎತ್ತರದವರನ್ನು ಆಕ್ಸಿಜನ್ ಮಾಡಿ, ಎರಡೂ ಕೈಗಳನ್ನು ಸ್ವಲ್ಪ ಬಾಗಿಸಿ ಚಾಚುವಂತೆ ಹೇಳುತ್ತೇನೆ. ನೀರಿನ ಅಣು ನೆಟ್ಟಗಿರುವುದಿಲ್ಲ, ಬಾಗಿರುತ್ತದೆ. ಒಂದೊಂದು ಕೈಗೆ ಒಬ್ಬೊಬ್ಬ ಹೈಡ್ರೋಜನ್. ನಾನು ಚಪ್ಪಾಳೆ ತಟ್ಟಿದಾಗ ಹೈಡ್ರೋಜನ್‌ಗಳು ಹಿಡಿದ ಕೈ ಬಿಟ್ಟು ಪಕ್ಕದ ಆಕ್ಸಿಜನ್‌ನ ಕೈ ಹಿಡಿಯಬೇಕು. ಲೋಟದಲ್ಲಿ ಸುಮ್ಮನೆ ನಿಂತಂತೆ ಕಾಣುವ ನೀರಿನಲ್ಲೂ ಇದೇ ನಡೆದಿರುತ್ತದೆ, ಹೈಡ್ರೋಜನ್ ಒಂದೇ ಮನೆಯಲ್ಲಿ ಕೂರುವ ಗಿರಾಕಿಯಲ್ಲ. ಈ ವರ್ಷ ಯಾವಾಗಲೂ ಆಕ್ಸಿಜನ್ ಆಗುತ್ತಿದ್ದವಳು ತರಗತಿಯ ಅತಿ ಎತ್ತರದ ಹುಡುಗಿ. ಹೆಸರೂ ಆಕ್ಸಿಜನ್ ಎಂದೇ ಆಗಿಹೋಯಿತು. ಒಂದು ದಿನ ಅವಳ ಕೈಗೂ ಇನ್ನೊಬ್ಬರ ಕೈಗೂ ಓಡಾಡಿ ಸುಸ್ತಾದ ಒಬ್ಬಳು, 'ಮಿಸ್, ಈಗ ನಾನು ಯಾರ ನೀರು?' ಎಂದು ಕೇಳಿದಳು. 'ನೀರಿಗೆ ಯಾರದು ಅನ್ನೋದೆಲ್ಲ ಇಲ್ಲ, ಸುಮ್ನೆ ಕೈ ಹಿಡ್ಕೋ' ಎಂದಿದ್ದೆ.

ಕಣ್ಣಿಗೆ ಸಿಡಿದದ್ದು ಈ ಆಕ್ಸಿಜನ್‌ಗೇ. ಬ್ಯೂರೆಟ್ಟಿನ ಗಾಜಿನ ಕೊಳವೆಗೆ ಕಾಸ್ಟಿಕ್ ಸೋಡಾದ ದ್ರಾವಣ ತುಂಬುತ್ತಿದ್ದಳು. ಬೆವರು ಒರೆಸಲೆಂದು ರಕ್ಷಣೆಯ ಕನ್ನಡಕವನ್ನು ಹಣೆಗೇರಿಸಿದಳು, ಅದೇ ಗಳಿಗೆಗೆ ಸಿಡಿಯಿತು. 'ಮಿಸ್, ಕಣ್ಣು ಬಿಡಕ್ಕಾಗ್ತಿಲ್ಲ' ಎಂದಳು. ಕಿರುಚಲಿಲ್ಲ, ಹೋಮ್‌ವರ್ಕ್ ತಂದಿಲ್ಲ ಎನ್ನುವಷ್ಟೇ ಮೆಲ್ಲಗೆ ಹೇಳಿದಳು. ಕ್ಷಾರದಲ್ಲಿ ಸುಡುವುದು ಏನು ಗೊತ್ತೇ, ಮಾನ್ಯರೇ? ನೀರೇ, ಆದರೆ ಒಂದು ಹೈಡ್ರೋಜನ್ ಕಡಿಮೆಯಾದ ನೀರು. ಕಡಿಮೆಯಾದದ್ದನ್ನು ಅದು ಕಣ್ಣಿನ ಮೇಲ್ಪದರದಿಂದಾದರೂ ಕಿತ್ತುಕೊಳ್ಳುತ್ತದೆ. ಬಿಡಿಸಬೇಕಾದರೆ ಧಾರಾಳವಾಗಿ, ತಡಮಾಡದೆ, ನಿಲ್ಲಿಸದೆ ಇನ್ನಷ್ಟು ನೀರು ಹಾಕಬೇಕು. ಬೇರೆ ಔಷಧಿ ಇಲ್ಲ.

ನಲ್ಲಿ ತಿರುಗಿಸಿದೆ. ಸೂಂ. ಗೊತ್ತಿದ್ದೂ ತಿರುಗಿಸಿದೆ. ಅಟೆಂಡರ್ ಬಕೆಟ್ ಹಿಡಿದು ಕೆಳಗಿನ ಮಹಡಿಗೆ ಓಡಿದರು. ಮಕ್ಕಳ ಬಾಟಲಿಗಳು ಬಾಗಿಲಾಚೆ ಬೆಂಚಿನ ಮೇಲೆ ಸಾಲಾಗಿ ನಿಂತಿದ್ದವು, ಏಕೆಂದರೆ ತಾವು ಹೇಳುವ ಆ ನಿಯಮವನ್ನು ನಾನು ಎಂದೂ ಮುರಿದವಳಲ್ಲ. ಹೊಸ್ತಿಲು ದಾಟಿ ಮೊದಲು ಬಾಟಲಿ ತಂದವರು ಯಾರು, ಆಮೇಲೆ ಸಾಲು ಕಟ್ಟಿ ಕೈಯಿಂದ ಕೈಗೆ ದಾಟಿಸಿದವರು ಯಾರು, ನಾನು ನೋಡಿದ್ದೇನೆ. ನಾನು ರೆಪ್ಪೆ ಬಿಡಿಸಿ ಹಿಡಿದಿದ್ದೆ, ಅವರು ಸುರಿದರು. ಖಾಲಿಯಾದ ಬಾಟಲಿ ನೆಲಕ್ಕೆ ಬೀಳುವ ಮೊದಲು ಇನ್ನೊಂದು ಬರುತ್ತಿತ್ತು. ಬಕೆಟ್ ಬರುವ ತನಕ ಧಾರೆ ಕಡಿಯಲಿಲ್ಲ. ಕಣ್ಣಿನ ಡಾಕ್ಟರು ನೋಡಿ, 'ಮೊದಲ ನಿಮಿಷಗಳಲ್ಲಿ ನೀರು ಸಿಗದೆ ಹೋಗಿದ್ರೆ ಈ ಕಣ್ಣು ಇರ್ತಿರಲಿಲ್ಲ' ಎಂದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರನ್ನು ಕಂಡಿದ್ದೇನೆ. ಬೆಂಕಿ ಆರಿಸಿದವರ ಬಿಂದಿಗೆಗಳನ್ನು ಲೆಕ್ಕ ಹಾಕುವವರನ್ನು ಕಂಡದ್ದು ಇದೇ ಮೊದಲು. ತಾವು ನಿಯಮಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೀರಿ, ಒಪ್ಪಿದೆ. ನನಗೆ ಆ ದಿನ ಕಣ್ಣಿಗೆ ಬಿಡಲು ನೀರು ಬೇಕಾಗಿತ್ತು.

ಈಗ ತಮ್ಮ ಪ್ರಶ್ನೆ, ಯಾರ ಯಾರ ಬಾಟಲಿಯ ನೀರು? ವಿಷಯತಜ್ಞಳಾಗಿ ಹೇಳುತ್ತೇನೆ, ಇದನ್ನು ನಿರ್ಧರಿಸಲು ಬರುವುದಿಲ್ಲ. ಎರಡು ಬಾಟಲಿಯ ನೀರು ಬೆರೆತ ಮೇಲೆ ಒಂದು ಸೆಕೆಂಡಿನೊಳಗೆ ಹೈಡ್ರೋಜನ್‌ಗಳು ನೂರಾರು ಸಲ ಕೈ ಬದಲಿಸಿರುತ್ತವೆ. ಒಬ್ಬಳ ಬಾಟಲಿಯ ಹೈಡ್ರೋಜನ್ ಇನ್ನೊಬ್ಬನ ಬಾಟಲಿಯ ಆಕ್ಸಿಜನ್ ಹಿಡಿದು ಆಗಿರುತ್ತದೆ. ಆ ಕಣ್ಣಿನ ಮೇಲೆ ಹರಿದ ನೀರಿನಲ್ಲಿ ಇದು ಇವರದು ಎಂದು ಬೇರ್ಪಡಿಸಬಲ್ಲ ಉಪಕರಣ ಯಾವ ಪ್ರಯೋಗಾಲಯದಲ್ಲೂ ಇಲ್ಲ, ನಲ್ಲಿಯೇ ಇಲ್ಲದ ನಮ್ಮದರಲ್ಲಂತೂ ಇಲ್ಲವೇ ಇಲ್ಲ. ಇದು ನನ್ನ ಶಾಸ್ತ್ರೀಯ ಉತ್ತರ. ಕಡತಕ್ಕೆ ಇದನ್ನೇ ಸೇರಿಸಿಕೊಳ್ಳಿ.

ಶಾಸ್ತ್ರೀಯವಲ್ಲದ ಉತ್ತರವೂ ಒಂದಿದೆ. ಹೆಸರುಗಳು ನನಗೆ ಗೊತ್ತು. ತಮಗಿಂತ ಮೊದಲು ಇನ್ನೊಬ್ಬರು ಅವನ್ನು ಕೇಳಿದರು, ಆ ಹುಡುಗಿಯ ತಾಯಿ. ಹೊಲಿಗೆ ಅಂಗಡಿಯ ಕೆಲಸ ಬಿಟ್ಟು, ಕತ್ತಿನ ಅಳತೆ ಟೇಪನ್ನೂ ತೆಗೆಯದೆ ಆಸ್ಪತ್ರೆಗೆ ಓಡಿ ಬಂದವರು ನನ್ನ ಕೈ ಹಿಡಿದು, 'ಆ ಮಕ್ಕಳು ಯಾರ್ಯಾರು ಹೇಳಿ ಮೇಡಂ, ಒಬ್ಬರ ಹೆಸರೂ ಬಿಡಬೇಡಿ' ಎಂದರು. ಅವರಿಗೆ ಒಂದೂ ಬಿಡದೆ ಹೇಳಿದೆ. ತಮಗೆ ಒಂದನ್ನೂ ಹೇಳುವುದಿಲ್ಲ.

ತಮ್ಮ ಆ ನೋಟಿಸಿನ ಸುದ್ದಿ ತರಗತಿಗೂ ಮುಟ್ಟಿತು. 'ನನ್ನ ಬಾಟಲಿ, ಮಿಸ್' ಎಂದು ಒಬ್ಬಳು ಎದ್ದಳು. 'ಅವಳದಲ್ಲ, ನಂದು' ಎಂದು ಹಿಂದಿನ ಬೆಂಚಿನವನು ಎದ್ದ. ಆ ದಿನ ರಜೆಯಲ್ಲಿದ್ದ ಇಬ್ಬರೂ ಎದ್ದು ನಿಂತರು! ಕೊನೆಗೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಆಕ್ಸಿಜನ್ ಎದ್ದಳು. 'ಎಲ್ಲಾ ನೀರೂ ನನ್ನ ಕಣ್ಣಿಗೇ ಅಲ್ವಾ ಮಿಸ್ ಬಂದಿದ್ದು. ನನ್ನ ಹೆಸರು ಬರ್ದುಬಿಡಿ, ಮುಂದಿನ ವರ್ಷ ಪರೀಕ್ಷೆ ಕಟ್ತೀನಿ' ಎಂದಳು. ನಾನು ಅತ್ತುಬಿಟ್ಟೆ. ಪ್ರಯೋಗಾಲಯದೊಳಗೇ ಅತ್ತೆ. ಅದೂ ಹೊರಗಿನ ದ್ರವ ತಂದ ಅಪರಾಧವಾಗುವುದಾದರೆ ನನ್ನೊಬ್ಬಳ ಹೆಸರು ಬರೆದುಕೊಳ್ಳಿ.

ನೋಟಿಸು ವಾಪಸ್ಸಾಗಬೇಕು, ತರಗತಿಯ ಎಲ್ಲರೂ ಪರೀಕ್ಷೆಗೆ ಕೂರಬೇಕು, ನಲ್ಲಿಯಲ್ಲಿ ನೀರು ಬರಬೇಕು. ಸೋಮವಾರ ಮತ್ತೆ ಪ್ರಯೋಗವಿದೆ, ಅದೇ ಕ್ಷಾರ. ತಾವೇ ಬಂದು ಆ ನಲ್ಲಿಯನ್ನೊಮ್ಮೆ ತಿರುಗಿಸಿ ನೋಡಬಹುದು. ನೀರು ಬರುವ ದಿನದವರೆಗೆ ಬಾಟಲಿಗಳು ಬಾಗಿಲಿನ ಒಳಗೇ ಇರುತ್ತವೆ, ಮುಚ್ಚಳ ತೆಗೆಸಿ ನಾನೇ ಇಡಿಸುತ್ತೇನೆ. ಬೆಂಚಿನ ತುದಿಯ ಮೊದಲನೆಯದು ನನ್ನದು.

ಇಂತಿ,
ಗಾಳಿ ಬರುವ ನಲ್ಲಿಯ ಪಕ್ಕದಲ್ಲಿ ನಿಂತು
ನೀರಿನ ಪಾಠ ಮಾಡುವ
ರಸಾಯನಶಾಸ್ತ್ರದ ಮಿಸ್