ಹನ್ನೆರಡು ದಿನಕ್ಕೆ ಎರಡೇ ಚೀಲ: ತ್ಯಾಜ್ಯ ಸ್ವೀಕಾರ ಕಚೇರಿಯ ಮುಖ್ಯಾಧಿಕಾರಿಗಳಿಗೆ

ನೀರಿನಲ್ಲಿ ವಾಸವಾಗಿರುವ ಸಮಸ್ತ ಮೀನುಗಳೇ, ಬಂಡೆಗೆ ಕಚ್ಚಿಕೊಂಡು ಕೂತ ಚಿಪ್ಪುಗಳೇ, ಕಟ್ಟೆಯ ಮೇಲೆ ಅಡ್ಡಡ್ಡ ಓಡಾಡುವ ಏಡಿ ಮಹಾಶಯರೇ, ಹಾಗೂ ಕೊನೆಯದಾಗಿ, ಈ ಬಂದರಿನ ತ್ಯಾಜ್ಯ ಸ್ವೀಕಾರ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಕಸ ಕಡಿಮೆ ತಂದ ಅಪರಾಧಕ್ಕಾಗಿ ತಾವು ನನ್ನ ಹೆಂಡತಿಯ ದೋಣಿ ನಡೆಸುವ ಪರವಾನಗಿಯನ್ನು ಆರು ತಿಂಗಳು ಅಮಾನತಿನಲ್ಲಿಟ್ಟಿದ್ದೀರಿ. ಇನ್ನೊಮ್ಮೆ ಓದಿಕೊಳ್ಳಿ: ಹೆಚ್ಚು ತಂದದ್ದಕ್ಕಲ್ಲ, ಕಡಿಮೆ ತಂದದ್ದಕ್ಕೆ. ಬರುವ ತಿಂಗಳು ಒಂದನೇ ತಾರೀಖು ಅವಳು ನೌಕಾ ತರಬೇತಿ ಶಾಲೆಗೆ ಬೋಧಕಿಯಾಗಿ ಸೇರಬೇಕಿತ್ತು. ಇಪ್ಪತ್ತು ವರ್ಷ ಕಂಡವರ ದೋಣಿಗಳನ್ನು ಈ ದಡದಿಂದ ಆ ದಡಕ್ಕೆ ಗೀರು ಬೀಳದಂತೆ ತಲುಪಿಸಿ ಗಳಿಸಿದ ಕೆಲಸ ಅದು. ಪರವಾನಗಿಯ ಮೇಲೆ ಒಂದು ಕಲೆಯಿದ್ದರೂ ಶಾಲೆಯವರು ಒಳಗೆ ಬಿಡುವುದಿಲ್ಲ. ತಮ್ಮದೊಂದು ಮೊಹರು ಬಿತ್ತು, ಅವಳ ಇಪ್ಪತ್ತು ವರ್ಷ ನೀರಿಗೆ ಬಿತ್ತು.

ದೋಣಿಯ ಕಸದ ವಿಚಾರ ತಮಗೆ ತಿಳಿದಿರಲಿಕ್ಕಿಲ್ಲ. ತಮ್ಮ ಕುರ್ಚಿ ಅಲುಗುವುದಿಲ್ಲವಲ್ಲ. ಆದ್ದರಿಂದ ಹೇಳುತ್ತೇನೆ. ನಮ್ಮ ದೋಣಿಯಲ್ಲಿ ಮೂವರು: ಹೆಂಡತಿ, ಅವಳ ತಾಯಿ, ನಾನು. ಹೊರಡುವ ಮುನ್ನವೇ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ದಡದಲ್ಲೇ ಬಿಚ್ಚಿ ಎಸೆಯುತ್ತೇವೆ, ರಟ್ಟಿನ ಮಡಿಕೆಯಲ್ಲಿ ಜಿರಳೆ ಮೊಟ್ಟೆ ಇಟ್ಟಿರುತ್ತದೆ ಎಂದು. ಹೊರಟ ಮೇಲೆ ಪ್ರತಿಯೊಂದು ಹಾಲಿನ ಪ್ಯಾಕೆಟ್ಟನ್ನೂ ಉಪ್ಪುನೀರಿನಲ್ಲಿ ತೊಳೆದು, ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ, ಕತ್ತರಿಯಲ್ಲಿ ದಾರದಂತೆ ಸೀಳಿ, ಐದು ಲೀಟರಿನ ಖಾಲಿ ಕ್ಯಾನಿಗೆ ತುರುಕುತ್ತೇವೆ. ತುರುಕುವುದು ಅತ್ತೆಯವರ ಇಲಾಖೆ. ಮುರಿದ ಹುಟ್ಟಿನ ಹಿಡಿಯಿಂದ ಅವರು ಕುಟ್ಟುತ್ತಿದ್ದರೆ, ಯಾರ ಮೇಲಿನ ಸಿಟ್ಟೋ ಎಂದು ನಾನು ಎದುರಿಗೆ ಕೂರುವುದಿಲ್ಲ. ತಗಡಿನ ಡಬ್ಬಗಳ ಎರಡೂ ಮುಚ್ಚಳ ಕತ್ತರಿಸಿ ಹಿಮ್ಮಡಿಯಲ್ಲಿ ತುಳಿದು ಚಪ್ಪಟೆ ಮಾಡುವುದು ನನ್ನ ಇಲಾಖೆ. ಆ ಹೊತ್ತಿಗೆ ನನಗೆ ಡಬ್ಬದ ಮೇಲೊಂದು ಪದ್ಯ ಹೊಳೆಯುತ್ತದೆ. "ಅಳಿಯಂದ್ರೇ, ಪ್ರಾಸ ಆಮೇಲೆ, ಮೊದಲು ಡಬ್ಬ ತುಳೀರಿ" ಎನ್ನುತ್ತಾರೆ ಅತ್ತೆ. ಗಾಜಿನ ಬಾಟಲಿಗಳು ನನ್ನ ಹಳೆಯ ಕಾಲುಚೀಲ ತೊಟ್ಟು ಮಲಗುತ್ತವೆ, ಅಲೆಗೆ ಒಂದಕ್ಕೊಂದು ಬಡಿಯಬಾರದಲ್ಲ. ಹೀಗೆ ಹನ್ನೆರಡು ದಿನ ಎಲ್ಲೂ ನಿಲ್ಲದೆ ಬಂದು, ಒಂದು ಕ್ಯಾನು ಮತ್ತು ಒಂದು ಗೋಣಿಚೀಲವನ್ನು ಹೆಮ್ಮೆಯಿಂದ ತಮ್ಮ ಕಿಟಕಿಯ ಮುಂದಿಟ್ಟೆವು.

ತಾವು ಕನ್ನಡಕ ಏರಿಸಿದಿರಿ.

"ಎಷ್ಟು ಜನ?"

"ಮೂರು ಜನ ಸಾರ್."

"ಎಷ್ಟು ದಿನ?"

"ಹನ್ನೆರಡು."

"ಒಬ್ಬರಿಗೆ ಮೂರು ದಿನಕ್ಕೆ ಒಂದು ಚೀಲ. ಹನ್ನೆರಡು ಚೀಲ ಆಗ್ಬೇಕು. ಎರಡಿದೆ. ಇನ್ನು ಹತ್ತು ಎಲ್ಲಿ?"

"ಇದರಲ್ಲೇ ಇದೆ ಸಾರ್, ಒತ್ತಿ ತುಂಬಿದೀವಿ," ಎಂದಳು ನನ್ನ ಹೆಂಡತಿ.

"ಒಮ್ಮೆ ಎತ್ತಿ ನೋಡಪ್ಪ. ತೋಳು ಕಳಚಿ ಬರತ್ತೆ," ಎಂದರು ಅತ್ತೆ.

"ಅಮ್ಮ, ಇಲ್ಲಿ ತೂಕ ನೋಡಲ್ಲ. ಚೀಲ ನೋಡ್ತೀವಿ."

"ಹಂಗಾದ್ರೆ ಒಂದ್ ನಿಮಿಷ ಇರಪ್ಪ. ಹತ್ತು ಚೀಲಕ್ಕೆ ಗಾಳಿ ಊದಿ ತಂದ್ಕೊಡ್ತೀವಿ."

ಸಾಲಿನಲ್ಲಿ ನಿಂತವರು ನಕ್ಕರು. ನಕ್ಕದ್ದು ತಮಗೆ ನಾಟಿತು. ನಾಟಿದ್ದನ್ನು ತಾವು ಕಡತದಲ್ಲಿ ನೆಟ್ಟಿರಿ: "ಹತ್ತು ಚೀಲ ತ್ಯಾಜ್ಯ ಸಮುದ್ರಕ್ಕೆ." ಆಗ ನನ್ನ ಹೆಂಡತಿ, ಸಾಮಾನ್ಯವಾಗಿ ಗಾಳಿಗೂ ದನಿ ಏರಿಸದವಳು, ತಮ್ಮ ಮೇಜಿನ ಮೇಲೆ ಕೈಯಿಟ್ಟು ಹೇಳಿದಳು: "ನನ್ನ ದೋಣಿಯಿಂದ ಒಂದು ಚೂರೂ ನೀರಿಗೆ ಬಿದ್ದಿಲ್ಲ. ಬಿದ್ದಿದ್ರೆ ಪರವಾನಗಿ ನೀವು ಕೇಳೋದು ಬೇಡ, ನಾನೇ ಕೊಡ್ತೀನಿ." ತಾವು ಕೇಳಿದಿರಿ. ಅವಳು ಕೊಡಲಿಲ್ಲ. ತಾವು ಕಿತ್ತುಕೊಂಡಿರಿ.

ನಮ್ಮ ಹಿಂದೆ ನಿಂತಿದ್ದ ವಿಹಾರನೌಕೆಯವರು ಉಬ್ಬಿದ ಹನ್ನೆರಡು ಚೀಲಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದರು. ಬಾಟಲಿ, ಬ್ಯಾಟರಿ, ಉಳಿದ ಅನ್ನ, ಹರಿದ ಚಪ್ಪಲಿ, ಎಲ್ಲ ಒಂದೇ ಕುಟುಂಬದಂತೆ ಒಟ್ಟಿಗಿದ್ದವು. ಅವರಿಗೆ "ಸ್ವಚ್ಛ ನೌಕೆ" ಎಂಬ ಫಲಕ ಸಿಕ್ಕಿತು, ತಮ್ಮ ಕೈಯ ಕುಲುಕು ಸಿಕ್ಕಿತು. ಕಸ ಹೆಚ್ಚು ಮಾಡಿದವನಿಗೆ ಮಾನ, ಕುಟ್ಟಿ ಕುಗ್ಗಿಸಿದವಳಿಗೆ ಅವಮಾನ. ಇದು ಯಾವ ಲೋಕದ ನ್ಯಾಯ ಸ್ವಾಮಿ?

ಪರವಾನಗಿ ಇಲ್ಲದೆ ದೋಣಿ ಕದಲುವಂತಿಲ್ಲ. ಹಾಗಾಗಿ ಕಳೆದ ಒಂಬತ್ತು ದಿನಗಳಿಂದ ನಾನು ತಮ್ಮ ಕಚೇರಿಯ ಎದುರೇ ಕೂತಿದ್ದೇನೆ. ಕೆಲಸವಿಲ್ಲದ ಕಣ್ಣಿಗಿಂತ ಕೆಟ್ಟ ತನಿಖಾಧಿಕಾರಿ ಇನ್ನೊಬ್ಬನಿಲ್ಲ. ಹಸಿರು, ನೀಲಿ, ಕಪ್ಪು ಎಂದು ತಾವು ಸಾಲಾಗಿ ನಿಲ್ಲಿಸಿರುವ ತೊಟ್ಟಿಗಳು ಮೂರು. ಬರುವ ಲಾರಿ ಒಂದು. ಮೂರನ್ನೂ ಅದೇ ಲಾರಿಗೆ ಸುರಿಯುವುದನ್ನು ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಫೋಟೊ ತೆಗೆದೆ. ಲಾರಿಯ ಚಾಲಕರನ್ನೇ ಕೇಳಿದೆ. "ಬಣ್ಣ ನೋಡೋಕೆ ಅಣ್ಣ. ಹೋಗೋದೆಲ್ಲ ಒಂದೇ ಗುಂಡಿಗೆ," ಎಂದರು. ಆ ಪ್ರಾಸ ನನ್ನದಲ್ಲ, ಅವರದೇ. ಇನ್ನು ತಮ್ಮ ಕಿಟಕಿಯ ಕೆಳಗಿನ ನೀರು. ಅಲ್ಲಿಂದ ಇದುವರೆಗೆ ಹದಿನೇಳು ಕಾಗದದ ಚಹಾ ಲೋಟಗಳನ್ನು ಬಲೆಯಲ್ಲಿ ಹಿಡಿದಿದ್ದೇನೆ. ಹದಿನೇಳನ್ನೂ ತೊಳೆದು ಒಣಗಿಸಿ ದಾರಕ್ಕೆ ಪೋಣಿಸಿ, ಈ ಪತ್ರದ ಜೊತೆ ಬಂದರಿನ ಸೂಚನಾ ಫಲಕಕ್ಕೆ ನೇತುಹಾಕುತ್ತಿದ್ದೇನೆ. ಫೋಟೊಗಳು ಪತ್ರಿಕೆಗೆ ಹೋಗಿವೆ. ಹೌದು, ಇದು ಸೇಡು. ಸೇಡಿಗೆ ಬೇರೆ ಹೆಸರಿಟ್ಟು ಕರೆಯುವಷ್ಟು ಸಜ್ಜನ ನಾನಲ್ಲ.

ತಮ್ಮಿಂದ ನಾನು ಕ್ಷಮೆ ಕೇಳುತ್ತಿಲ್ಲ. ತಾವು ಹನ್ನೆರಡು ದಿನ ನಮ್ಮ ದೋಣಿಗೆ ಬನ್ನಿ. ತಮ್ಮ ಕಸ ತಮ್ಮ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ. ಬಿಸಿಲಿಗೆ ಅದು ಬೆವರುತ್ತದೆ, ಅಲೆಗೆ ಅದು ಹೊರಳುತ್ತದೆ. ಏಳನೆಯ ದಿನದ ಹೊತ್ತಿಗೆ ಸುತ್ತಲೂ ಅಷ್ಟು ದೊಡ್ಡ ನೀರು, ನೋಡುವವರು ಯಾರೂ ಇಲ್ಲ, ಒಂದು ಚೀಲ ತಾನೇ ಎಂದು ತಮ್ಮ ಕೈ...

ಎಸೆದದ್ದು ನಾನು.

ಏಳನೆಯ ದಿನ, ನಡುಮಧ್ಯಾಹ್ನ. ಮಾಂಸ ಕಟ್ಟಿಬಂದ ಪ್ಲಾಸ್ಟಿಕ್ ತಟ್ಟೆಗಳನ್ನು ತೊಳೆಯುವ ಸರದಿ ನನ್ನದಿತ್ತು. ನಾಲ್ಕು ದಿನ ಮುಂದೂಡಿದ್ದೆ, ಚೀಲ ಬಿಚ್ಚಿದರೆ ಹುಳ. ಹೆಂಡತಿ ಪಾಳಿ ಮುಗಿಸಿ ಮಲಗಿದ್ದಳು, ಅತ್ತೆ ಚುಕ್ಕಾಣಿ ಹಿಡಿದು ಮುಂದೆ ನೋಡುತ್ತಿದ್ದರು. ಚೀಲ ತೇಲಬಾರದೆಂದು ಒಳಗೆ ಒಂದು ತುಕ್ಕು ಹಿಡಿದ ಸರಪಳಿ ತುಂಡನ್ನೂ ಇಟ್ಟೆ. ತಮ್ಮ ಹತ್ತು ಚೀಲದ ಲೆಕ್ಕ ಶುದ್ಧ ಸುಳ್ಳು. ಒಂದು ಚೀಲ ನಿಜ. ಅವಳು ತಮ್ಮ ಮೇಜಿನ ಮೇಲೆ ಕೈಯಿಟ್ಟು ಮಾತಾಡುತ್ತಿದ್ದಾಗ ನಾನು ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದೆ. ಸುಮ್ಮನಿದ್ದದ್ದು ಸಾಲಿನವರೆಲ್ಲರ ಎದುರು; ಆದ್ದರಿಂದ ಹೇಳುವುದೂ ಎಲ್ಲರ ಎದುರೇ.

ಕಡತದಲ್ಲಿ ಅವಳ ಹೆಸರು ಹೊಡೆದುಹಾಕಿ, ನನ್ನದು ಬರೆಯಿರಿ. ಒಂದನೇ ತಾರೀಖಿನೊಳಗೆ ಪರವಾನಗಿ ಅವಳ ಕೈಗೆ ಕೊಡಿ, ನನ್ನ ಕೈಗಲ್ಲ.

ಇಂತಿ,
ಇದನ್ನು ಫಲಕಕ್ಕೆ ಅಂಟಿಸುವ ಮೊದಲು ದೋಣಿಗೆ ಹೋಗಿ ಅವಳಿಗೆ ಓದಿ ಹೇಳಬೇಕಾದ,
ಹೇಗೆ ಎಂದು ತಿಳಿಯದ,
ಅವಳ ಗಂಡ